ಮೊದಲಕ್ಷರದ ಮೇಲಿನ ಚುಕ್ಕೆ

ಮೂರು ದಿನದಿಂದ ಕಿಫಾಯಾ ಆ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸುತ್ತಿದ್ದಳೇ ಹೊರತು ಮುಚ್ಚಳ ತೆಗೆದಿರಲಿಲ್ಲ. ಮೊದಲ ದಿನ ಅದರ ಮೇಲೆ ಕನ್ನಡಕದ ಗೂಡು ಇಟ್ಟಳು. ಎರಡನೆಯ ದಿನ ಓದಿ ಮುಗಿಸಿದ ಪತ್ರಿಕೆ ಹೊದಿಸಿದಳು. ಇವತ್ತು ಗುರುವಾರ, ಅವಳಿಗೂ ಡಬ್ಬಿಗೂ ನಡುವೆ ಅಡ್ಡ ಇಡುವುದಕ್ಕೆ ಮೇಜಿನ ಮೇಲೆ ಇನ್ನೇನೂ ಉಳಿದಿರಲಿಲ್ಲ. ಮನೆಯ ಹಕ್ಕುಪತ್ರ, ಎಲ್ಲರ ಪೌರತ್ವದ ಪ್ರಮಾಣಪತ್ರ, ಹರಿದು ನಾಲ್ಕಾಗಿದ್ದ ಅಮ್ಮನ ಮದುವೆಯ ಕರಾರು, ನೀರಾವರಿ ಇಲಾಖೆಯಲ್ಲಿ ಅಪ್ಪನ ಸೇವಾ ಪುಸ್ತಕ, ತೀರಿಹೋದ ನಡುವಿನ ಅಕ್ಕ ನಜೀಹಾಳ ಅಂಕಪಟ್ಟಿಗಳು, ಎಲ್ಲವೂ ಒಂದೊಂದಾಗಿ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದಿದ್ದವು. ಇನ್ನೂರ ಹನ್ನೆರಡು ಹಾಳೆ. ಮೂವತ್ತನಾಲ್ಕು ವರ್ಷ ಜನನ ಮರಣ ದಾಖಲೆಯ ಕಚೇರಿಯಲ್ಲಿ ಕೂತು ಎದ್ದವಳಿಗೆ ಇದೊಂದು ಕೆಲಸವೇ ಅಲ್ಲ. ಬೆಳಗಿನ ಗಾಳಿಗೆ ಅಂಗಳದ ನಾರಂಜ ಮರ ಹೂವಿನ ವಾಸನೆಯನ್ನು ಕಿಟಕಿಯೊಳಗೆ ತಳ್ಳುತ್ತಿತ್ತು, ಅಡುಗೆಮನೆಯಲ್ಲಿ ಅಕ್ಕ ಬಹೀಜಾ ನಾಳೆ ಅಕ್ಕಿ ಮಾಂಸ ತುಂಬಿ ಮಾಡುವ ದೋಲ್ಮಾಕ್ಕೆ ಈರುಳ್ಳಿಯ ಪದರಗಳನ್ನು ಬಿಡಿಸುತ್ತ ಯಾರನ್ನೋ ಬಯ್ಯುತ್ತಿದ್ದಳು, ಸೊಂಟ ಕೂಡ ಇವತ್ತು ಸುಮ್ಮನಿತ್ತು. ಇಷ್ಟೆಲ್ಲ ಸರಿಯಿರುವ ದಿನ ತಗಡಿನ ಡಬ್ಬಿಗೆ ಹೆದರುವುದು ನಾಚಿಕೆಗೇಡು ಎಂದು ಅವಳಿಗೆ ಅನಿಸಿತು.

ಈ ಕೆಲಸ ಹಚ್ಚಿದವಳು ನಜೀಹಾಳ ಮಗಳು ರಫಲ್. ಹಲ್ಲಿನ ಡಾಕ್ಟರು, ನಲವತ್ತೈದು ತುಂಬಿದ ಹೆಂಗಸು, ಏನು ಹಿಡಿದರೂ ಬೇರು ಕೀಳುವ ತನಕ ಬಿಡುವವಳಲ್ಲ. ಹೋದ ತಿಂಗಳು ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಗೆದ್ದಲು ಹತ್ತಿದ್ದು ನೋಡಿ ಮರುದಿನವೇ ಸ್ಕ್ಯಾನರ್ ತಂದು ಇಳಿಸಿದ್ದಳು. "ಚಿಕ್ಕಮ್ಮ, ಬಗ್ದಾದಿನಲ್ಲಿ ಮನುಷ್ಯ ಇಲ್ಲದಿದ್ರೂ ನಡೆಯುತ್ತೆ, ಅವನ ಕಾಗದ ಇಲ್ಲದಿದ್ರೆ ನಡೆಯಲ್ಲ. ಎಲ್ಲಾನೂ ಸ್ಕ್ಯಾನ್ ತೆಗೀರಿ. ದಿನಸಿ ಚೀಟಿ ಸಿಕ್ಕಿದ್ರೆ ಅದನ್ನೂ ತೆಗೀರಿ." ನಾಳೆ ಶುಕ್ರವಾರದ ಊಟಕ್ಕೆ ಅವಳು ಗಂಡ ಮಕ್ಕಳೊಡನೆ ಬರುತ್ತಾಳೆ, ಊಟವಾದ ಮೇಲೆ ಎಲ್ಲರೂ ಕೂತು ಟೀವಿಯ ದೊಡ್ಡ ಪರದೆಯ ಮೇಲೆ ಒಂದೊಂದೇ ಕಾಗದ ನೋಡುವುದು ಎಂದು ಗೊತ್ತಾಗಿತ್ತು. ಕಚೇರಿಗೆ ಬೇಕಾಗುವ ಕಾಗದಗಳು ಕಬ್ಬಿಣದ ಪೆಟ್ಟಿಗೆಗೆ. ಮಿಕ್ಕ ಪತ್ರ, ಚೀಟಿ, ಹಾರೈಕೆಯ ಕಾರ್ಡುಗಳೆಲ್ಲ ಬಾಗಿಲ ಹಿಂದಿನ ಮೊಳೆಗೆ ಬಹೀಜಾ ನೇತುಹಾಕಿದ್ದ ಬಿಳಿ ಬಟ್ಟೆಯ ಚೀಲಕ್ಕೆ. ಪ್ರತಿ ಪತ್ರದ ನೆತ್ತಿಯ ಮೇಲೂ ದೇವರ ಹೆಸರಿರುವಾಗ ಕಸದ ಬುಟ್ಟಿಗೆ ಹಾಕಲಾಗುತ್ತದೆಯೇ, ಹರಿಯುವ ನೀರಿಗೇ ಬಿಡಬೇಕು. ರಫಲ್ ಹೋಗುವ ದಾರಿಯಲ್ಲಿ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಚೀಲವನ್ನು ದಜ್ಲಾ ನದಿಗೆ ಒಪ್ಪಿಸುತ್ತಾಳೆ.

"ಇನ್ನೂ ತೆಗೀಲಿಲ್ವೇನೇ ಆ ಡಬ್ಬೀನಾ?" ಬಹೀಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎಪ್ಪತ್ಮೂರು ವರ್ಷ, ಎರಡೂ ಮಂಡಿ ಕೈಕೊಟ್ಟಿದ್ದವು, ನಾಲಿಗೆ ಮಾತ್ರ ಹದಿನಾರರ ಹುಡುಗಿಯದು. "ಒಳಗೆ ಹಾವಿದ್ಯಾ?"

"ಇವತ್ತು ತೆಗೀತೀನಿ. ತೊಂದರೆ ಇಲ್ಲದಿದ್ರೆ ಆ ಕಿಟಕಿ ಸ್ವಲ್ಪ ಮುಂದೆ ಮಾಡ್ತೀಯಾ ಅಕ್ಕ? ಬೇಡ ಬೇಡ, ನಿನ್ನ ಕೈ ಒದ್ದೆ. ನಾನೇ ಏಳ್ತೀನಿ."

"ಕೇಳಿದ್ದೂ ನೀನೇ, ಬೇಡ ಅಂದಿದ್ದೂ ನೀನೇ, ಎದ್ದಿದ್ದೂ ನೀನೇ. ನಾನು ಈ ಮನೇಲಿ ಯಾಕಿದೀನಿ ಹೇಳು!" ಬಹೀಜಾ ಗೊಣಗುತ್ತ ಒಳಗೆ ಹೋದಳು.

ತೊಂದರೆ ಇಲ್ಲದಿದ್ದರೆ. ಆ ಊರಿನಲ್ಲಿ ಎಲ್ಲರೂ ಆಡುವ ಮಾತೇ ಅದು. ರೊಟ್ಟಿಯವನ ಹತ್ತಿರ, ಟ್ಯಾಕ್ಸಿಯವನ ಹತ್ತಿರ, ಹೆಂಡತಿಯ ಹತ್ತಿರ, ಏನು ಕೇಳುವುದಿದ್ದರೂ ಮೊದಲು 'ಜಹ್ಮ ಇಲ್ಲದೆ' ಎಂದುಬಿಡುತ್ತಾರೆ. ಜಹ್ಮ ಎಂದರೆ ತೊಂದರೆ, ಕಿರಿಕಿರಿ, ಇಕ್ಕಟ್ಟು, ಸೇತುವೆಯ ಮೇಲೆ ಗಂಟೆಗಟ್ಟಲೆ ನಿಂತ ವಾಹನಗಳ ಗಜಿಬಿಜಿಯೂ ಜಹ್ಮವೇ. ಬೇರೆಯವರ ಬಾಯಲ್ಲಿ ಅದು ಉಸಿರಿನಷ್ಟು ಹಗುರ. ಕಿಫಾಯಾಳ ಬಾಯಲ್ಲಿ ಮಾತ್ರ ಅದು ಮಾತಾಗಿರಲಿಲ್ಲ, ಹರಕೆಯಾಗಿತ್ತು. ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಜವಾನನಿಂದ ಒಂದು ಲೋಟ ಚಹಾ ತರಿಸಿದವಳಲ್ಲ. ಪಿತ್ತಕೋಶದ ಆಪರೇಷನ್ನಿಗೆ ಒಬ್ಬಳೇ ಟ್ಯಾಕ್ಸಿ ಹತ್ತಿ ಹೋಗಿ ದಾಖಲಾಗಿ, ಎಲ್ಲ ಮುಗಿದ ಮೇಲೆ ಮನೆಗೆ ಫೋನು ಮಾಡಿದವಳು. ಆವತ್ತು ಬಹೀಜಾ ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರ ಮುಂದೆ ಅತ್ತುಕೊಂಡು ಬೈದಿದ್ದಳು, "ನಾವೇನು ನಿನಗೆ ಬೀದಿಯೋರೇನೇ?" ಸಹೋದ್ಯೋಗಿಗಳು ಅದನ್ನು ಸ್ವಾಭಿಮಾನ ಎನ್ನುತ್ತಿದ್ದರು, 'ಕಿಫಾಯಾ ಮೇಡಂ ಯಾರ ಹಂಗಿನವರೂ ಅಲ್ಲ'. ಕೇಳಿದಾಗೆಲ್ಲ ಅವಳಿಗೆ ಮೈ ಹಿಡಿಯಾಗುತ್ತಿತ್ತು, ಯಾರೋ ಕದ್ದ ಮಾಲನ್ನು ಕಂಡು ಚೆನ್ನಾಗಿದೆ ಎಂದು ಹೊಗಳಿದ ಹಾಗೆ. ಹೆಸರೇ ನೋಡಿ. ಎರಡು ಹೆಣ್ಣಿನ ಮೇಲೆ ಮೂರನೆಯದೂ ಹೆಣ್ಣಾದಾಗ ಇಡುವ ಹೆಸರು ಅದು, ಸಾಕು ಎಂದು ಅರ್ಥ. ಕನ್ನಡದಲ್ಲಾಗಿದ್ದರೆ ಸಾಕಮ್ಮ ಎನ್ನುತ್ತಿದ್ದರೇನೋ. ಶಾಲೆಯಲ್ಲಿ ಹಾಜರಿ ಕೂಗುವಾಗ 'ಕಿಫಾಯಾ' ಎಂದರೆ ಹಿಂದಿನ ಬೆಂಚಿನ ಹುಡುಗಿಯರು 'ಸಾಕು ಟೀಚರ್, ಇನ್ನು ಕೂಗಬೇಡಿ' ಎಂದು ನಗುತ್ತಿದ್ದರು, ಅವಳೂ ಜೊತೆಗೆ ನಗುತ್ತಿದ್ದಳು. ಹೆಸರಿಗೆ ನಗಬಹುದಿತ್ತು, ಹೆಸರನ್ನು ಹೆತ್ತವರು ಎಲ್ಲರಿಗೂ ಇಡುತ್ತಾರೆ. ಡಬ್ಬಿಯ ಒಳಗಿದ್ದದ್ದಕ್ಕೆ ನಗುವುದಕ್ಕೆ ಅವಳಿಂದ ಆಗಿರಲಿಲ್ಲ.

ಡಬ್ಬಿ ಈ ಮನೆಗೆ ಬಂದಾಗ ಅವಳಿಗೆ ಹನ್ನೆರಡು ವರ್ಷ. ಬಸ್ರಾದಲ್ಲಿದ್ದ ಶಾಕಿರ್ ದೊಡ್ಡಪ್ಪ ತೀರಿಕೊಂಡಿದ್ದರು, ಅವರ ಸಾಮಾನಿನ ಜೊತೆ ಈ ಡಬ್ಬಿ ವಾಪಸು ಬಂದಿತ್ತು, ಅಪ್ಪ ತಮ್ಮ ಅಣ್ಣನಿಗೆ ವರ್ಷಾನುವರ್ಷ ಬರೆದ ಪತ್ರಗಳು. ಅಪ್ಪ ಫಖ್ರಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು, ಆಮೇಲೆ ಮುಚ್ಚಳದ ಮೇಲೆ 'ಮೂವತ್ತೊಂದು' ಎಂದು ಎಣಿಕೆ ಬರೆದು ಕಪಾಟಿನಲ್ಲಿಟ್ಟು ಕಚೇರಿಗೆ ಹೋದರು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ತೆಗೆದಳು. ತಾನು ಹುಟ್ಟಿದ ವರ್ಷದ ಪತ್ರ ಬೇಕಾಗಿತ್ತು. ಮುಚ್ಚಿದ ಕಿಟಕಿಯ ಸಂದಿಯ ಬೆಳಕಿನಲ್ಲಿ ಹುಡುಕಿ ಹಿಡಿದು ಓದಿದಳು: 'ನಮ್ಮ ಮನೆಗೆ ಮೂರನೆಯ ಜಹ್ಮ ಬಂದಿತು.' ಅಷ್ಟು ಓದಿ, ಮುಂದಿನ ಸಾಲಿನ ಮೇಲೆ ಕಣ್ಣು ಜಾರಿಸಿ, ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿಟ್ಟಳು. ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷ ಅಪ್ಪ ನದಿಯ ಮಟ್ಟ ಅಳೆಯುವುದಕ್ಕೆ ಅವಳೊಬ್ಬಳನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದರು. ಹೊಸ ಬೂಟು, ದಂಡೆಯ ಉದ್ದಕ್ಕೂ ನಡಿಗೆ. ಅಳತೆಕೋಲು ಹಿಡಿದುಕೊಂಡು ಹಿಂದೆ ಹಿಂದೆ ನಡೆದಳು, ಕಾಲು ನೋವಾದರೆ ಹೇಳು ಎಂದು ಅವರು ಎರಡು ಸಲ ಕೇಳಿದರು, ಎರಡು ಸಲವೂ ಇಲ್ಲ ಎಂದಳು. ಮನೆಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ಅಪ್ಪ ಜೋರಾಗಿ ಕೂಗಾಡಿದರು, "ನಾನೇನು ಪೊಲೀಸೇ? ಅಪ್ಪನ ಹತ್ತಿರ ಹೇಳೋಕೆ ಆಗಲ್ವಾ?" ಮತ್ತೆಂದೂ ಕರೆದುಕೊಂಡು ಹೋಗಲಿಲ್ಲ. ಮತ್ತೊಂದು ತೊಂದರೆ ಕೊಟ್ಟೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

ಅವರು ಹೋಗಿಯೇ ಮೂವತ್ತೊಂದು ವರ್ಷವಾಯಿತು. ಸಿಟ್ಟಿಲ್ಲ ಅವಳಿಗೆ. ಆ ಕಾಲದ ಗಂಡಸು, ಬಾಡಿಗೆ ಮನೆ, ಮೂರನೆಯ ಹೆಣ್ಣು, ಯಾರಾದರೂ ಹಾಗೆ ಬರೆದಾರು. ಈ ಮನೆ, ಈ ಅಕ್ಕ, ಪಿಂಚಣಿ, ಬೆಳಗಿನ ಎಮ್ಮೆಯ ಕೆನೆ, ಖರ್ಜೂರದ ಪಾಕ, ಯಾವುದಕ್ಕೂ ಕೊರತೆಯಿಲ್ಲದೆ ಬದುಕು ಚೆನ್ನಾಗಿಯೇ ಕಳೆದಿತ್ತು. ಆದರೆ ನಾಳೆ ಟೀವಿಯ ಪರದೆಯಲ್ಲಿ, ದೋಲ್ಮಾ ತಿಂದು ತೇಗುತ್ತ ಕೂತ ರಫಲ್‌ಳ ಗಂಡನ ಮುಂದೆ, ಆ ಪದ ಒಂದು ಮೊಳ ಉದ್ದವಾಗಿ ಕಾಣುತ್ತದೆ. ಎಲ್ಲರೂ ನಗುತ್ತಾರೆ. ಪ್ರೀತಿಯಿಂದಲೇ ನಗುತ್ತಾರೆ. ಅದನ್ನು ತಡೆದುಕೊಳ್ಳುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಆ ಒಂದು ಪತ್ರ ಬಿಟ್ಟು ಮಿಕ್ಕ ಮೂವತ್ತನ್ನು ಸ್ಕ್ಯಾನ್ ಮಾಡಿದರಾಯಿತು ಎಂದು ಸೋಮವಾರದಿಂದ ನೂರು ಸಲ ಯೋಚಿಸಿದ್ದಳು. ಮುಚ್ಚಳದ ಮೇಲಿನ ಎಣಿಕೆ ಬಿಡುತ್ತಿರಲಿಲ್ಲ. ದಾಖಲೆಯ ಕೋಣೆಯಿಂದ ಒಂದು ಹಾಳೆ ಆಚೀಚೆ ಮಾಡಿದವಳಲ್ಲ ಎನ್ನುವುದೊಂದೇ ಅವಳು ಇಡೀ ಆಯುಷ್ಯದಲ್ಲಿ ಸಂಪಾದಿಸಿದ್ದ ಹೆಮ್ಮೆ.

ಮುಚ್ಚಳ ತೆಗೆದಳು. ಸ್ಕ್ಯಾನರಿನಲ್ಲಿ ಅವಳಿಗೆ ಹಿಡಿಸಿದ್ದ ಒಂದು ಗುಣವೆಂದರೆ ಕಾಗದವನ್ನು ಬೋರಲು ಹಾಕುವುದು. ಬೆನ್ನು ನೋಡಿಕೊಂಡೇ ಕೆಲಸ ಮುಗಿಸಬಹುದು. ಒಂದು, ಎರಡು, ಮೂರು. ಮಧ್ಯೆ ಸರ್ಕಾರಿ ಕರೆಂಟು ಹೋಗಿ, ಬೀದಿಯ ಜನರೇಟರ್ ಕೆಮ್ಮಿ ಎದ್ದುಕೊಳ್ಳುವ ತನಕ ಕೈಕಟ್ಟಿ ಕೂತಳು. ಹದಿನೇಳನೆಯದು ಅದೇ ಎಂದು ಮಡಿಕೆಯಿಂದಲೇ ಗೊತ್ತಾಯಿತು. ಇಟ್ಟಳು, ಮುಚ್ಚಿದಳು, ಗುಂಡಿ ಒತ್ತಿದಳು. ಬೆಳಕು ಗಾಜಿನಡಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಪರದೆಯ ಕಡೆ ನೋಡಬಾರದು ಎಂದುಕೊಂಡೇ ನೋಡಿದಳು.

ಮೂರನೆಯ ರಹ್ಮ, ಎಂದಿತ್ತು.

ಅರಬ್ಬಿಯಲ್ಲಿ ರಹ್ಮ ಎಂದರೆ ಕರುಣೆ, ದೇವರು ಕೊಡುವಂಥದ್ದು. ರಹ್ಮಕ್ಕೂ ಜಹ್ಮಕ್ಕೂ ಬರವಣಿಗೆಯಲ್ಲಿ ಒಂದೇ ಒಂದು ಚುಕ್ಕೆಯ ವ್ಯತ್ಯಾಸ. ಮೊದಲಕ್ಷರದ ನೆತ್ತಿಯ ಮೇಲೆ ಚುಕ್ಕೆ ಇದ್ದರೆ ತೊಂದರೆ, ಇಲ್ಲದಿದ್ದರೆ ಕರುಣೆ. ಪರದೆಯ ಮೇಲೆ ಚುಕ್ಕೆ ಇರಲಿಲ್ಲ. ಕಿಫಾಯಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಅಂಗಿಯ ತುದಿಯಿಂದ ಪರದೆಯನ್ನೂ ಒರೆಸಿದಳು. ಅರವತ್ನಾಲ್ಕು ವರ್ಷದ ಹೆಂಗಸಿಗೆ ಒಪ್ಪದಂಥ ಒಂದು ಸಂತೋಷ ಉಕ್ಕಿ ಬಂತು. ಐವತ್ತೆರಡು ವರ್ಷ ಕತ್ತಲಲ್ಲಿ ತಪ್ಪಾಗಿ ಓದಿಕೊಂಡಿದ್ದೆನೇ ನಾನು, ನೊಣದ ಹಿಕ್ಕೆಯನ್ನೋ ಕಿಟಕಿಯ ನೆರಳನ್ನೋ ಚುಕ್ಕೆ ಅಂದುಕೊಂಡೆನೇ! ಮುಚ್ಚಳ ಎತ್ತಿ ಹಾಳೆ ತಿರುಗಿಸಿದಳು. ಚುಕ್ಕೆ ಅಲ್ಲೇ ಇತ್ತು. ದುಂಡಗೆ, ಒತ್ತಿ ಇಟ್ಟದ್ದು, ತನ್ನ ಜಾಗದಲ್ಲಿ ಸುಖವಾಗಿ ಕೂತಿತ್ತು.

ಯಂತ್ರ ತಿಂದಿತ್ತು ಅದನ್ನು. ಪರದೆಯ ಮೂಲೆಯಲ್ಲಿ 'ಧೂಳು, ಕಲೆ ತೆಗೆ' ಎಂಬ ಚೌಕವೊಂದಿತ್ತು. ಶುಚಿಯೆಂದರೆ ಪ್ರಾಣ ಬಿಡುವ ಅವಳು ಮೊದಲ ದಿನವೇ ಅದಕ್ಕೆ ಗುರುತು ಹಾಕಿದ್ದಳು. ಯಂತ್ರಕ್ಕೆ ಚುಕ್ಕೆ ಯಾವುದು, ಧೂಳು ಯಾವುದು? ಹಿಂದಿನ ಹಾಳೆಗಳನ್ನು ತೆರೆದಳು. ಹಕ್ಕುಪತ್ರದಲ್ಲಿ ಚುಕ್ಕೆಯಿಲ್ಲ, ಮದುವೆಯ ಕರಾರಿನಲ್ಲಿ ಇಲ್ಲ, ಅಂಕಪಟ್ಟಿಯಲ್ಲಿ ಇಲ್ಲ. ಇನ್ನೂರ ಹನ್ನೆರಡು ಹಾಳೆಯಲ್ಲಿ ಹೆಸರುಗಳೆಲ್ಲ ಬೋಳಾಗಿ ನಿಂತಿದ್ದವು. ಮೂರು ದಿನ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಹಳೆಯ ಗುಮಾಸ್ತರು ಚುಕ್ಕೆ ಹಾಕದೆ ಗೀಚಿದ ದಾಖಲೆ ಪುಸ್ತಕಗಳನ್ನು ಸರಾಗವಾಗಿ ಓದುವುದರಲ್ಲಿ ಇಡೀ ಕಚೇರಿಯಲ್ಲಿ ಅವಳ ಸಮ ಯಾರೂ ಇರಲಿಲ್ಲ. ಇಲ್ಲದ ಚುಕ್ಕೆಯನ್ನು ಅವಳ ಕಣ್ಣೇ ಇಟ್ಟುಕೊಂಡು ಮುಂದೆ ಹೋಗುತ್ತಿತ್ತು. ಹೊಸದಾಗಿ ಬಂದವರಿಗೆ ಅವಳೇ ಹೇಳಿಕೊಡುತ್ತಿದ್ದಳು, ಚುಕ್ಕೆಯಿಲ್ಲದ ಪದ ಯಾರೆಂದು ಗೊತ್ತಾಗದಿದ್ದರೆ ಅಕ್ಕಪಕ್ಕದ ಪದಗಳನ್ನು ವಿಚಾರಿಸಿ ಎಂದು. ಆ ಜಾಣತನವೇ ಈಗ ಮುಖಕ್ಕೆ ಹೊಡೆದಿತ್ತು.

"ಏನಾಯ್ತೇ, ಮುಖ ಯಾಕೆ ಸುಣ್ಣ ಆಗಿದೆ?" ಬಹೀಜಾ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮದುವೆಯ ಕರಾರನ್ನು ನೋಡಿ ನಗತೊಡಗಿದಳು. "ಅಯ್ಯೋ ನನ್ನ ಕಣ್ಣೇ, ಎಲ್ಲಾ ಅಕ್ಷರಕ್ಕೂ ತಲೆ ಬೋಳಿಸಿಬಿಟ್ಟಿದೀಯಲ್ಲೇ! ಇದ್ಯಾರು, ಅಮ್ಮನಾ? ಅಪ್ಪ ಯಾರನ್ನ ಮದುವೆ ಆದ್ರು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ."

"ನಗಬೇಡ ಅಕ್ಕ. ಎಲ್ಲಾ ಮತ್ತೆ ಮಾಡಬೇಕು."

"ಮಾಡು. ಯಾರು ನಿನ್ನ ಬೆನ್ನು ಹತ್ತಿದಾರೆ? ನಮ್ಮ ಕಚೇರಿಯ ಹುಲಿ ಒಂದು ಯಂತ್ರಕ್ಕೆ ಸೋತಳು ಅಂತ ರಫಲ್‌ಗೆ ಮಾತ್ರ ನಾನೇ ಹೇಳ್ತೀನಿ, ಅಷ್ಟು ಸುಖ ನನಗೆ ಬಿಡು." ನಗುತ್ತಲೇ ಒಳಗೆ ಹೋಗಿ ಫೋನು ಹಚ್ಚಿಯೂಬಿಟ್ಟಳು. ಎರಡು ನಿಮಿಷದಲ್ಲಿ ಫೋನು ಕಿಫಾಯಾಳ ಕಿವಿಗೆ ಬಂತು, ರಫಲ್ ಅತ್ತ ಕಡೆ ನಗು ತಡೆದುಕೊಂಡು ಮಾತಾಡುತ್ತಿದ್ದಳು. "ಚಿಕ್ಕಮ್ಮ, ಆ ಗುರುತು ತೆಗೆದುಬಿಡಿ. ಮತ್ತೆ ಕಪ್ಪು ಬಿಳುಪು ಯಾಕೆ ಇಟ್ಟಿದೀರಿ, ಬಣ್ಣಕ್ಕೆ ಹಾಕಿ. ಇದು ನಿಮ್ಮ ಕಚೇರಿ ಅಲ್ಲ, ಜಾಗ ಉಳಿಸೋದು ಬೇಡ. ನಾಳೆಗೆ ಆಗದಿದ್ರೆ ಬಿಡಿ, ಪತ್ರಗಳನ್ನಷ್ಟೇ ನೋಡೋಣ. ಪತ್ರ ಎಲ್ಲಾ ಸರಿ ಬಂದಿದ್ಯಾ?"

"ಹದಿನೇಳು ತೆಗೆದಿದೀನಿ," ಎಂದಳು ಕಿಫಾಯಾ. "ಒಂದು ಸರಿ ಬಂದಿದೆ."

ಅದು ಸುಳ್ಳೇ, ನಿಜವೇ ಎಂದು ಫೋನು ಇಟ್ಟ ಮೇಲೂ ತೀರ್ಮಾನವಾಗಲಿಲ್ಲ. ಹದಿನೇಳನೆಯದನ್ನು ಇದ್ದ ಹಾಗೇ ಬಿಟ್ಟು ಮಿಕ್ಕಿದ್ದನ್ನೆಲ್ಲ ಮತ್ತೆ ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಒಂದೇ ಹಾಳೆ ಬೋಳಾಗಿದ್ದರೆ ಮರೆತಿರಬೇಕು ಎಂದುಕೊಳ್ಳುತ್ತಾರೆ. ನಾಳೆ ಸಂಜೆಗೆ ಕಾಗದ ನದಿಯಲ್ಲಿರುತ್ತದೆ. ಆಮೇಲೆ ಈ ಮನೆಯವರು ಇರುವ ತನಕ ಅಪ್ಪ ಕಿಫಾಯಾಳನ್ನು ಕರುಣೆ ಎಂದು ಕರೆದವರಾಗಿ ಉಳಿಯುತ್ತಾರೆ. ಬೇಡ ಎನ್ನುವವರು ಯಾರು? ಕೈ ಹಾಳೆಯನ್ನು ಎತ್ತಿ ಬಾಗಿಲ ಹಿಂದಿನ ಬಿಳಿ ಚೀಲದ ತನಕ ಒಯ್ದಿತು. ಅಷ್ಟರಲ್ಲಿ ಹಂಜಾ ಎಂಬ ಮನುಷ್ಯನ ನೆನಪು ಎಲ್ಲಿಂದಲೋ ಬಂದು ನಿಂತಿತು. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವನು, ಕಚೇರಿಯ ಕಿಟಕಿಯ ಕಂಬಿ ಹಿಡಿದು ನಿಂತಿದ್ದ. ಯಾವನೋ ಗುಮಾಸ್ತ ಚುಕ್ಕೆಯನ್ನು ಆಚೆಯಿಂದ ಈಚೆ ಇಟ್ಟು ಅವನ ಹೆಸರು ಜಮ್ರಾ ಎಂದಾಗಿತ್ತು, ಕೆಂಡ. "ಅಮ್ಮಾ, ಮಗನಿಗೆ ಯಾರಾದ್ರೂ ಕೆಂಡ ಅಂತ ಹೆಸರಿಡ್ತಾರಾ?" ಎಂದು ಅವನು ಕೇಳಿದ. ಮೇಲಿನ ಸಾಲಿನಲ್ಲಿ ಅಜ್ಜನ ಹೆಸರು ಹಂಜಾ ಎಂದು ಸರಿಯಾಗಿಯೇ ಇತ್ತು. ಅವಳು ನೋಡಿದ್ದಳು. "ಬರೆದದ್ದು ಬರೆದ ಹಾಗೆ, ನಾನು ಚುಕ್ಕೆ ಮುಟ್ಟೋ ಹಾಗಿಲ್ಲ," ಎಂದು ಕೋರ್ಟಿನ ಆದೇಶಕ್ಕೆ ಕಳಿಸಿದಳು. ಮೂರು ತಿಂಗಳು ಅಲೆದ. ಕೊನೆಗೆ ಕಾಗದ ತಂದು ಕಿಟಕಿಯಲ್ಲಿಟ್ಟಾಗ ಒಂದು ಬಿರುನುಡಿಯನ್ನೂ ಆಡದೆ, ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿ ಹೋದ. ಅವನಿಗೆ ಮುಟ್ಟದ ಚುಕ್ಕೆಯನ್ನು ಈಗ ನನಗೋಸ್ಕರ ನುಂಗಲೇ ಎಂದು ಕಿಫಾಯಾ ಚೀಲದ ಬಾಯಿಗೆ ಕೈ ತಾಗಿಸಿಕೊಂಡು ನಿಂತಳು. ಮೇಜಿಗೆ ವಾಪಸು ಬಂದಳು. ಗುರುತು ತೆಗೆದಳು, ಬಣ್ಣಕ್ಕೆ ಹಾಕಿದಳು, ಹದಿನೇಳನೆಯ ಹಾಳೆಯನ್ನು ಮತ್ತೆ ಬೋರಲು ಮಲಗಿಸಿದಳು. ನಗುವುದಾದರೆ ನಗಲಿ.

ಬೆಳಕು ನಿಧಾನವಾಗಿ ಹೋಗಿ ಬಂತು. ಪರದೆಯ ಮೇಲೆ ಅಪ್ಪನ ಅಕ್ಷರ ಸಾಲುಸಾಲಾಗಿ ಇಳಿಯಿತು, ಹಳೆಯ ಮಸಿಯ ಕಪ್ಪುನೀಲಿ. ಅದರ ಮೇಲೂ ಕೆಳಗೂ ಚುಕ್ಕೆಗಳು. ಕಿಫಾಯಾ ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಅಕ್ಷರವೆಲ್ಲ ಕಪ್ಪುನೀಲಿ. ಚುಕ್ಕೆಯೆಲ್ಲ ನೇರಳೆ. ಒಂದಲ್ಲ ಎರಡಲ್ಲ, ದೇವರ ಹೆಸರಿನ ಸಾಲಿನಿಂದ ಕೊನೆಯ ಸಲಾಮಿನ ತನಕ, ಹಾಳೆಯ ತುಂಬ ಒಂದು ಚುಕ್ಕೆಯೂ ಅಪ್ಪನ ಮಸಿಯದಾಗಿರಲಿಲ್ಲ.

"ಅಕ್ಕ," ಎಂದು ಕರೆದಳು. ಮತ್ತೆ ಕರೆದಳು.

ಬಹೀಜಾ ಅಕ್ಕಿ ಮಾಂಸ ಮೆತ್ತಿದ ಬೆರಳುಗಳನ್ನು ಮೇಲೆತ್ತಿಕೊಂಡು ಬಂದು ನೋಡಿದಳು. ಮುಖವೆಲ್ಲ ಅರಳಿಸಿದಳು. "ಅಯ್ಯೋ, ನನ್ನ ಚುಕ್ಕೆಗಳು!"

"ನಿನ್ನವಾ?"

"ಮತ್ತಿನ್ಯಾರವು? ಅಪ್ಪ ಚುಕ್ಕೆ ಎಲ್ಲಿ ಹಾಕೋರು? ನದಿ ಹತ್ರ ನಿಂತು ಬರೆದೂ ಬರೆದೂ, ಚುಕ್ಕೆ ಹಾಕೋದು ಪುರುಸೊತ್ತಿದ್ದವರ ಕೆಲಸ ಅನ್ನೋರು. ನಿನ್ನ ಪತ್ರ ಓದೋಕೆ ಮಂತ್ರವಾದೀನ ಕರೀಬೇಕು ಅಂತ ದೊಡ್ಡಪ್ಪ ಜಗಳಕ್ಕೆ ಬಂದ್ರಂತೆ. ನಾನಾಗ ಮೂರನೇ ಕ್ಲಾಸು, ಉಕ್ತಲೇಖನದಲ್ಲಿ ಸೊನ್ನೆ ಮೇಲೆ ಸೊನ್ನೆ. ತಗೋ, ಚುಕ್ಕೆ ಇಟ್ಟು ಕಲಿ ಅಂತ ಅಪ್ಪ ಪತ್ರ ಬರೆದು ನನ್ನ ಕೈಗೆ ಕೊಡೋರು. ಒಂದು ಪತ್ರಕ್ಕೆ ಒಂದು ಸಕ್ಕರೆ ಮಿಠಾಯಿ. ಅವರ ಕೋಪ್ಯಾ ಪೆನ್ಸಿಲ್ ಇತ್ತಲ್ಲ, ನಾಲಿಗೆಗೆ ಮುಟ್ಟಿಸಿದ್ರೆ ನೇರಳೆ ಆಗೋದು, ಅದರಲ್ಲಿ ಇಡೋಳು ನಾನು. ಅಜ್ಜಿ ನನ್ನ ನೇರಳೆ ನಾಲಿಗೆಯೋಳೇ ಅಂತ ಕರೀತಿದ್ದಿದ್ದು ಮತ್ತೆ ಯಾಕೆ?"

"ಹಿಪ್ಪುನೇರಳೆ ಹಣ್ಣು ಕದ್ದು ತಿಂತಿದ್ದೆ ಅಂತ ನಾನು ಅಂದುಕೊಂಡಿದ್ದೆ."

"ಅದನ್ನೂ ತಿಂತಿದ್ದೆ."

ಕಿಫಾಯಾ ಆ ಪದದ ಮೇಲೆ ಬೆರಳಿಟ್ಟಳು. "ಇದಕ್ಕೆ ಯಾಕೆ ಇಟ್ಟೆ?"

ಬಹೀಜಾ ಬಗ್ಗಿ, ತುಟಿ ಆಡಿಸಿಕೊಂಡು ಓದಿದಳು. "ಜಹ್ಮ. ಮೂರನೆಯ ಜಹ್ಮ... ಥೂ, ಇದೇನಿದು?" ಪದವನ್ನು ಇನ್ನೊಂದು ಸಲ ಓದಿಕೊಂಡಳು. "ನನಗೇನು ಗೊತ್ತಿತ್ತೇ? ಒಂಬತ್ತು ವರ್ಷ. ಅಜ್ಜಿ ಬೆಳಗಿಂದ ಸಂಜೆ ತನಕ ಜಹ್ಮ, ಜಹ್ಮ ಅನ್ನೋಳು, ಬಾಗಿಲು ತೆಗೆದ್ರೆ ಜಹ್ಮ, ನಾವು ಆಟ ಆಡಿದ್ರೆ ಜಹ್ಮ. ನನಗೆ ಗೊತ್ತಿದ್ದ ಪದ ಇಟ್ಟೆ. ರಹ್ಮ ಅಂದ್ರೆ ಆಗ ನನಗೆ ಶುಕ್ರವಾರ ಮಸೀದೀಲಿ ಹೇಳೋ ಮಾತು. ಮನೇಲಿ ಹುಟ್ಟಿದ ಕೂಸಿಗೆ ಹಾಗಂತಾರೆ ಅಂತ ಯಾರು ಹೇಳಿಕೊಟ್ಟಿದ್ರು?"

ಅಪ್ಪ ಚುಕ್ಕೆಯಿಲ್ಲದೆ ಬರೆದದ್ದು ಎರಡೂ ಆಗಬಹುದು, ಇದು ಕಿಫಾಯಾಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಂತೋಷಪಡುವುದಕ್ಕೆ ಮೊದಲು ಕೆಲಸ ಮುಗಿಸಬೇಕಿತ್ತು. ಅಕ್ಕಪಕ್ಕದ ಪದಗಳನ್ನು ವಿಚಾರಿಸಬೇಕಿತ್ತು, ಹನ್ನೆರಡು ವರ್ಷದವಳು ಕಣ್ಣು ಜಾರಿಸಿ ಬಿಟ್ಟಿದ್ದನ್ನು. ನೇರಳೆಯನ್ನೆಲ್ಲ ಮನಸ್ಸಿನಲ್ಲೇ ಒರೆಸಿಹಾಕಿ ಕಪ್ಪುನೀಲಿಯನ್ನಷ್ಟೇ ಓದಿದಳು. 'ನಮ್ಮ ಮನೆಗೆ ಮೂರನೆಯ ರಹ್ಮ ಬಂದಿತು. ಮನೆ ಅಗಲವಾಯಿತು ಅಣ್ಣಾ. ಕಿಫಾಯಾ ಎಂದು ಹೆಸರಿಟ್ಟಿದ್ದೇನೆ. ದೇವರನ್ನು ಇನ್ನೇನನ್ನೂ ಕೇಳಬೇಕೆಂದು ನನಗೆ ತೋಚುತ್ತಿಲ್ಲ.' ಎರಡನೆಯ ಸಾಲು ಆವತ್ತೂ ಕಣ್ಣಿಗೆ ಬಿದ್ದಿತ್ತು, ಅಪ್ಪನ ಕುಹಕ ಎಂದುಕೊಂಡಿದ್ದಳು. ಇಕ್ಕಟ್ಟು ಬಂದು ಸೇರಿದರೆ ಮನೆ ಅಗಲವಾಗುತ್ತದೆಯೇ? ಯಾವ ಗುಮಾಸ್ತನೂ ಈ ಸಾಲಿನಲ್ಲಿ ಆ ಚುಕ್ಕೆ ಇಡುತ್ತಿರಲಿಲ್ಲ. ಅವಳ ಕೈಕೆಳಗಿನ ಹೊಸಬಳು ಇಟ್ಟಿದ್ದರೆ ಅವಳು ಆ ಕ್ಷಣವೇ ಹೊಡೆದುಹಾಕುತ್ತಿದ್ದಳು. ಸಾಕು ಎಂದರೆ ಹೀಗೂ ಸಾಕು ಎಂದು ಅರ್ಥವಿತ್ತು, ಊಟ ಮುಗಿಸಿ ಕೈ ತೊಳೆದವನು ಹೇಳುವ ಸಾಕು. ಬೂಟಿನೊಳಗಿನ ರಕ್ತ, ಅಪ್ಪನ ಕೂಗಾಟ, ಕಾಲು ನೋವಾದರೆ ಹೇಳು ಎಂದ ಎರಡು ಸಲ, ಎಲ್ಲವೂ ಒಟ್ಟಿಗೆ ಬಂದವು. ಪಾಪ, ಅವರು ಎಷ್ಟು ನೊಂದುಕೊಂಡಿದ್ದರೋ. ಹೇಳಬಹುದಿತ್ತು. ಕೂಡಿಸಿಕೊಂಡು ಬೂಟು ಬಿಚ್ಚುತ್ತಿದ್ದರು. ಅವಳಿಗೆ ಅಳು ಬಂತು, ಅದರ ಜೊತೆಗೇ ಮೈಯೆಲ್ಲ ಹಗುರವಾಗಿ ಸುಖವೆನಿಸಿತು.

"ಯಾವತ್ತು ಓದಿದೆ ಇದನ್ನ?" ಬಹೀಜಾಳ ಸ್ವರ ಇಳಿದಿತ್ತು.

"ಡಬ್ಬಿ ಬಂದ ದಿನ. ಹನ್ನೆರಡು ವರ್ಷ ಆಗಿತ್ತು."

ಬಹೀಜಾ ಕುರ್ಚಿ ಎಳೆದುಕೊಂಡು ಕೂತಳು. ಆಸ್ಪತ್ರೆ, ಟ್ಯಾಕ್ಸಿ, ಇದೀಗ ಕಿಟಕಿ, ಒಂದೊಂದೇ ಲೆಕ್ಕ ಅವಳ ಮುಖದಲ್ಲಿ ಕೂಡುತ್ತಿತ್ತು. "ಅದಕ್ಕಾ," ಎಂದಳು. "ಅದಕ್ಕೇನೇ ನೀನು... ನನ್ನ ಕೈ ಮುರೀಲಿ. ಒಂದು ಮಿಠಾಯಿ ಆಸೆಗೆ!" ಇದ್ದಕ್ಕಿದ್ದ ಹಾಗೆ ಬೆರಳನ್ನು ಅಂಗಿಗೆ ಒರೆಸಿಕೊಂಡು, ಎಂಜಲು ಹಚ್ಚಿ, ಮೇಜಿನ ಮೇಲಿದ್ದ ಹಾಳೆಗೆ ಕೈ ಚಾಚಿದಳು. "ಕೊಡಿಲ್ಲಿ. ನಾನೇ ಇಟ್ಟಿದ್ದು, ನಾನೇ ಅಳಿಸ್ತೀನಿ."

"ಮುಟ್ಟಬೇಡ!" ಕಿಫಾಯಾ ಹಾಳೆಯನ್ನು ಎದೆಗೆ ಅವಚಿಕೊಂಡಳು. "ಒದ್ದೆ ಮಾಡಿದ್ರೆ ಅದು ಇನ್ನೂ ಹರಡುತ್ತೆ, ಗೊತ್ತಿಲ್ವಾ ನಿನಗೆ? ಇರಲಿ ಬಿಡು. ನಿನ್ನ ಕೈಯ ಚುಕ್ಕೆ ಅದು. ಒಂಬತ್ತು ವರ್ಷದ ಕೈ ಇನ್ನೆಲ್ಲಿ ಸಿಗುತ್ತೆ ನನಗೆ?"

ಎದ್ದು ಹೋಗಿ ಬಿಳಿ ಚೀಲವನ್ನು ಮೊಳೆಯಿಂದ ಇಳಿಸಿದಳು. ಈ ಮೂವತ್ತೊಂದು ನದಿಗೆ ಹೋಗುವುದಿಲ್ಲ, ಕಬ್ಬಿಣದ ಪೆಟ್ಟಿಗೆಯಲ್ಲಿ ಹಕ್ಕುಪತ್ರದ ಪಕ್ಕ ಇರುತ್ತವೆ ಎಂದಳು. ಮತ್ತೆ ಕೂತು, ಪ್ರತಿ ಹಾಳೆಯ ವಿವರ ತುಂಬುವ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ಹದಿನೇಳನೆಯ ಪತ್ರ. ಬಸ್ರಾದ ಅಣ್ಣ ಶಾಕಿರ್ ಅವರಿಗೆ. ಬರೆದವರು ಫಖ್ರಿ. ಚುಕ್ಕೆಗಳನ್ನು ಇಟ್ಟವಳು ಹಿರಿಯ ಮಗಳು ಬಹೀಜಾ, ವಯಸ್ಸು ಒಂಬತ್ತು. ಮೊದಲ ಸಾಲಿನಲ್ಲಿ ಒಂದು ಚುಕ್ಕೆ ಹೆಚ್ಚು.' ಓದಿಕೊಂಡಳು. ದಾಖಲೆ ಸರಿಯಾಗಿತ್ತು. ಇನ್ನೂರ ಹನ್ನೆರಡು ಹಾಳೆ ಮತ್ತೆ ಆಗಬೇಕು, ಪತ್ರಗಳಲ್ಲಿ ಇನ್ನೂ ಮೂವತ್ತು ಉಳಿದಿವೆ, ನಾಳೆಗೆ ಆಗುವುದಿಲ್ಲ, ರಫಲ್ ಬಂದು ಒಂದು ಕೈ ಹಾಕಲಿ, ಅವಳ ಗಂಡನೂ ತೇಗುವುದು ಬಿಟ್ಟು ಹಾಳೆ ಎತ್ತಿ ಕೊಡಲಿ. ಬೆನ್ನನ್ನು ಕುರ್ಚಿಗೆ ಆನಿಸಿ ಕಾಲು ಎರಡನ್ನೂ ಎದುರಿನ ಪೀಠದ ಮೇಲೆ ಚಾಚಿದಳು.

"ಅಕ್ಕ, ಚಹಾ ಮಾಡು."

ಬಹೀಜಾ ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತ ಕೂತಳು, ತೊಂದರೆ ಇಲ್ಲದಿದ್ದರೆ ಎನ್ನುವ ಬಾಲ ಇನ್ನೂ ಬರುವುದಿದೆಯೇನೋ ಎಂದು ಕಾಯುವವಳ ಹಾಗೆ. ಬಾಲ ಬರಲಿಲ್ಲ.

"ಏಲಕ್ಕಿ ಜಾಸ್ತಿ ಹಾಕು. ಸಕ್ಕರೆ ಕೆಳಗೆ ಕಾಣಬೇಕು. ಮೊನ್ನೆಯ ಖರ್ಜೂರದ ಬಿಸ್ಕತ್ತು ಮೇಲಿನ ಕಪಾಟಿನಲ್ಲಿದೆ, ಅದನ್ನೂ ತಾ."

"ಮೇಲಿನ ಕಪಾಟಾ? ನನ್ನ ಮಂಡಿ ಕಥೆ ಏನು?"

"ಸ್ಟೂಲ್ ಹಾಕ್ಕೋ."

ಬಹೀಜಾ ಮೇಜು ಹಿಡಿದು ಎದ್ದಳು. ಎರಡೂ ಮಂಡಿ ಕಟಕಟ ಎಂದವು. ಮೂಗು ಒರೆಸಿಕೊಂಡು, ಇದೇನು ಹೊಸ ರಾಣಿ ಬಂದಳು ಈ ಮನೆಗೆ ಎಂದು ಗೊಣಗುತ್ತ ಅಡುಗೆಮನೆಗೆ ಹೋದಳು. ಸ್ಟೂಲು ಎಳೆದ ಸದ್ದು ಕೇಳಿತು, ತಗಡಿನ ಮುಚ್ಚಳವೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿತು. ಕಿಫಾಯಾ ಏಳಲಿಲ್ಲ.